ಉಪ್ಪಿನ ಭರಣಿಯ ಗುಟ್ಟು

ನಲವತ್ತು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನು ನಾನು. ಬೇರೆಯವರ ಕಾಗದ ಓದಬಾರದು ಎಂಬುದು ಊಟಕ್ಕೆ ಮುಂಚೆ ಕೈ ತೊಳೆಯುವಷ್ಟೇ ರೂಢಿಯಾಗಿಬಿಟ್ಟಿದೆ. ಆದರೆ ಐವತ್ತು ಪೈಸೆಯ ಕಾರ್ಡಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ವಿಳಾಸ ನೋಡಲು ಹೋದರೂ ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ. ಅದೂ ಅಲ್ಲದೆ ಆ ಕಾರ್ಡು ಬಂದದ್ದು ಒತ್ತಕ್ಷರ ಕೂಡಿಸಿ ಓದಲು ಇನ್ನೂ ಬಾರದ ನನ್ನ ಮೊಮ್ಮಗಳಿಗೆ. ಬರೆದವನು ಒಂಬತ್ತು ವರ್ಷದ ಅವಳ ಅಣ್ಣ. ಓದಿ ಹೇಳಬೇಕಾದವನು ನಾನೇ.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಅವಳ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿಯೇ ಓದಿದೆ.

"ಪುಟ್ಟೀ, ಗೌರಿ ಕರು ಹಾಕಿದೆ. ಹೆಣ್ಣು ಕರು. ಹಣೆ ಮೇಲೆ ಬಿಳಿ ಚುಕ್ಕಿ ಇದೆ. ಇಲ್ಲಿ ಮಳೆ ಜೋರು. ನೀನು ಬೇಗ ಬಾ. ಅದನ್ನು ಮಾತ್ರ ಯಾರಿಗೂ ಹೇಳಬೇಡ. ಇಂತಿ, ಅಣ್ಣ."

'ಅದನ್ನು' ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದ. ಎಷ್ಟು ಒತ್ತಿ ಎಳೆದಿದ್ದನೆಂದರೆ ಕಾರ್ಡಿನ ಆಚೆ ಬದಿಯಲ್ಲೂ ಗೆರೆ ಎದ್ದಿತ್ತು.

ಕರುವಿನ ಸುದ್ದಿಗೆ ಪುಟ್ಟಿ ಎದ್ದು ಕೂರುತ್ತಾಳೆ ಅಂದುಕೊಂಡಿದ್ದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. "ಏನೇ ಅದು, ಯಾರಿಗೂ ಹೇಳಬಾರದ್ದು?" ಎಂದು ನಗುತ್ತಲೇ ಕೇಳಿದೆ. ಉತ್ತರವಿಲ್ಲ. ಆವತ್ತು ಮಧ್ಯಾಹ್ನದ ಗಂಜಿಯನ್ನೂ ಮುಟ್ಟಲಿಲ್ಲ.

ಪುಟ್ಟಿಗೆ ಇರುವುದು ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ತೊಂದರೆ. ಮಕ್ಕಳೇ, ನಿಮ್ಮ ಅಜ್ಜಿ ಜರಡಿ ಹಿಡಿಯುವುದನ್ನು ನೋಡಿರುತ್ತೀರಿ. ಹಿಟ್ಟು ಕೆಳಗೆ ಬೀಳುತ್ತದೆ, ನುಚ್ಚು ಮೇಲೆ ಉಳಿಯುತ್ತದೆ. ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಪುಟಾಣಿ ಜರಡಿಗಳಿರುತ್ತವೆಯಂತೆ. ರಕ್ತದಲ್ಲಿರುವ ಬೇಡದ ವಸ್ತು ಅವುಗಳ ಮೂಲಕ ಮೂತ್ರವಾಗಿ ಹೊರಗೆ ಹೋಗಬೇಕು, ಪ್ರೋಟೀನು ಒಳಗೇ ಉಳಿಯಬೇಕು. ಪುಟ್ಟಿಯಂಥ ಮಕ್ಕಳಲ್ಲಿ ಜರಡಿಯ ಕಣ್ಣು ಆಗಾಗ ಸಡಿಲವಾಗಿ ಪ್ರೋಟೀನು ಸೋರಿಹೋಗುತ್ತದೆ. ಆಗ ನೀರು ರಕ್ತದಲ್ಲಿ ನಿಲ್ಲದೆ ಮೈಗೆ ಇಳಿಯುತ್ತದೆ. ಬೆಳಿಗ್ಗೆ ಏಳುವಾಗ ಕಣ್ಣು ರೆಪ್ಪೆ ಊದಿರುತ್ತದೆ, ಆಮೇಲೆ ಕಾಲು, ಹೊಟ್ಟೆ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬಹುಪಾಲು ಮಕ್ಕಳಿಗೆ ಸ್ಟೀರಾಯ್ಡ್ ಮಾತ್ರೆಯಿಂದ ಸೋರುವುದು ನಿಲ್ಲುತ್ತದೆ. ಆದರೆ ನೆಗಡಿ, ಜ್ವರ ಅಂತ ಏನಾದರೂ ಬಂದರೆ ಮತ್ತೆ ಮರಳುವುದುಂಟು. ದೊಡ್ಡವರಾಗುತ್ತ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಬಿಟ್ಟು ಹೋಗುತ್ತದೆ. ಅಲ್ಲಿಯವರೆಗೆ ವರ್ಷಗಟ್ಟಲೆ ಅದರ ಜೊತೆ ಬದುಕಬೇಕು.

ನಮಗೆ ಇದೆಲ್ಲ ಮೊದಲು ಎಲ್ಲಿ ಗೊತ್ತಿತ್ತು! ಅವಳಿಗೆ ನಾಲ್ಕು ವರ್ಷವಿದ್ದಾಗ ಒಂದು ಬೆಳಿಗ್ಗೆ ಕಣ್ಣು ಊದಿತ್ತು. ಯಾವುದೋ ಹುಳ ಕಚ್ಚಿರಬೇಕೆಂದು ಅಜ್ಜಿ ಅರಿಶಿನ ಹಚ್ಚಿದಳು. ನಾಲ್ಕು ದಿನಕ್ಕೆ ಚಪ್ಪಲಿ ಕಾಲಿಗೆ ಹಿಡಿಸದಂತಾಯಿತು. ಪೇಟೆಯ ಡಾಕ್ಟರು ಮೂತ್ರ ಪರೀಕ್ಷೆ ಮಾಡಿ, "ಇವತ್ತೇ ಘಟ್ಟದ ಕೆಳಗೆ ಕರ್ಕೊಂಡು ಹೋಗಿ" ಎಂದು ಚೀಟಿ ಬರೆದುಕೊಟ್ಟರು.

ನಾನು ಸುಳ್ಳು ಹೇಳಲು ಶುರುಮಾಡಿದ್ದು ಆವತ್ತು.

ತೀರ್ಥಹಳ್ಳಿಯ ಹತ್ತಿರದ ನಮ್ಮ ಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಹೋಗಬೇಕು. ಆಸ್ಪತ್ರೆ ಅಂದರೆ ಮಗು ಹೆದರೀತು ಎಂದು "ಸಮುದ್ರ ನೋಡಲು ಹೋಗೋಣ" ಅಂದೆ. ಅವಳು ಓಡಿಹೋಗಿ ಬಚ್ಚಲಿನಲ್ಲಿದ್ದ ತನ್ನ ಕೆಂಪು ಬಕೆಟ್ ತಂದಳು. ಮರಳು ತುಂಬಲಿಕ್ಕೆ. ಘಾಟಿಯ ತಿರುವುಗಳಲ್ಲಿ ಕಾರು ಅತ್ತ ಇತ್ತ ವಾಲುವಾಗಲೂ ಬಕೆಟ್ ಬಿಡಲಿಲ್ಲ. ಊದಿದ ಬೆರಳುಗಳಿಂದ ಅದರ ಹಿಡಿಯನ್ನು ಹಿಡಿದುಕೊಂಡೇ ವಾರ್ಡಿನ ಒಳಗೆ ನಡೆದಳು. "ಅಜ್ಜ, ಸಮುದ್ರ ಎಲ್ಲಿ?" ಎಂದಳು. "ಇದರ ಹಿಂದೆ ಇದೆ" ಎಂದೆ. ಅದು ಎರಡನೆಯ ಸುಳ್ಳು. ಡ್ರಿಪ್ ಹಾಕಲು ಸೂಜಿ ತಂದಾಗ "ಏನೂ ಇಲ್ಲ ಪುಟ್ಟೀ, ಇರುವೆ ಕಚ್ಚಿದ ಹಾಗೆ" ಎಂದೆ. ಮೂರನೆಯದು. ನಾಲ್ವರು ಸೇರಿ ಹಿಡಿದುಕೊಳ್ಳಬೇಕಾಯಿತು. ನಾಲ್ವರಲ್ಲಿ ನಾನೂ ಒಬ್ಬ. ಆಮೇಲೆ ದಿನಾ ರಾತ್ರಿ "ನಾಳೆ ಮನೆಗೆ" ಎಂದೆ. ಹನ್ನೊಂದು ರಾತ್ರಿ.

ಇದರಲ್ಲಿ ನನಗೆ ಏನೂ ತಪ್ಪು ಕಂಡಿರಲಿಲ್ಲ. ನನ್ನ ವಯಸ್ಸಿನವರೆಲ್ಲ ಮಕ್ಕಳನ್ನು ಹೀಗೇ ಸಮಾಧಾನ ಮಾಡುವುದು, ನಮ್ಮನ್ನೂ ಹೀಗೇ ಮಾಡಿದ್ದರು. ಬಿಡುಗಡೆಯಾದ ದಿನ, ಹೇಳಿದ ಮಾತು ಉಳಿಸಿಕೊಂಡ ಹಾಗಾಗಲಿ ಎಂದು ಕಾರು ತಿರುಗಿಸಿ ಸಮುದ್ರದ ಹತ್ತಿರ ಕರೆದುಕೊಂಡು ಹೋದೆವು. ಬಕೆಟ್ ವಾರ್ಡಿನ ಮಂಚದ ಕೆಳಗೇ ಮರೆತುಹೋಗಿತ್ತು. ಅಪ್ಪನ ಹೆಗಲ ಮೇಲಿದ್ದ ಪುಟ್ಟಿ ಅಷ್ಟು ದೊಡ್ಡ ನೀರನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಇಲ್ಲೂ ಸೂಜಿ ಹಾಕ್ತಾರಾ?"

ಅದಾದ ಮೇಲೆ ನನ್ನ ಹತ್ತಿರ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಆಟಕ್ಕೆ ಬರುತ್ತಿದ್ದಳು, ತೊಡೆಯ ಮೇಲೆ ಕೂರುತ್ತಿದ್ದಳು. ಏನಾದರೂ ತಿಳಿಯಬೇಕಾದರೆ ಮಾತ್ರ ಅಣ್ಣನನ್ನು ಕೇಳುತ್ತಿದ್ದಳು. ಅದು ನನ್ನ ಗಮನಕ್ಕೆ ಬರಲು ಒಂದೂವರೆ ವರ್ಷ ಬೇಕಾಯಿತು.

ಆ ಒಂದೂವರೆ ವರ್ಷದಲ್ಲಿ ಮನೆಯೇ ಬದಲಾಗಿತ್ತು. ಮೊದಲ ಮೂರು ತಿಂಗಳು ಮಾತ್ರೆ. ಅದನ್ನು ಡಾಕ್ಟರು ಹೇಳದೆ ಒಂದು ದಿನವೂ ನಿಲ್ಲಿಸುವಂತಿಲ್ಲ. ಮಾತ್ರೆಯಿಂದ ಹಸಿವೋ ಹಸಿವು, ಸಿಟ್ಟೋ ಸಿಟ್ಟು. ಮುಖ ತುಂಬು ಚಂದ್ರನಂತೆ ಗುಂಡಗಾಯಿತು. ನೋಡಿದವರು "ಪರವಾಗಿಲ್ಲ, ಮಗು ಮೈ ಕೈ ತುಂಬಿಕೊಂಡಿದೆ" ಎನ್ನುತ್ತಿದ್ದರು! ಮೂತ್ರ ಪರೀಕ್ಷೆಯ ಕೆಲಸವನ್ನು ನಾನು ವಹಿಸಿಕೊಂಡೆ. ಔಷಧದ ಅಂಗಡಿಯಲ್ಲಿ ಸಿಗುವ ಸಣ್ಣ ಪಟ್ಟಿಯನ್ನು ಬೆಳಗಿನ ಮೊದಲ ಮೂತ್ರದಲ್ಲಿ ಅದ್ದಬೇಕು. ಅರವತ್ತು ಎಣಿಸಬೇಕು. ಹಳದಿ ಹಳದಿಯಾಗಿಯೇ ಉಳಿದರೆ ಸರಿ, ಹಸಿರಿಗೆ ತಿರುಗಿದರೆ ಪ್ರೋಟೀನು ಸೋರುತ್ತಿದೆ ಎಂದರ್ಥ. ಮೂರು ದಿನ ಒಂದೇ ಸಮನೆ ಕಡು ಹಸಿರಾದರೆ ಡಾಕ್ಟರಿಗೆ ಫೋನು. ದಿನವೂ ಡೈರಿಯಲ್ಲಿ ಬರೆದಿಟ್ಟೆ. ಅಂಚೆಕಚೇರಿಯ ಖಾತೆ ಪುಸ್ತಕ ಬರೆದ ಕೈ, ಒಂದು ದಿನವೂ ತಪ್ಪಲಿಲ್ಲ.

ಮೊನ್ನೆಯ ಮಳೆಗಾಲ ಹಿಡಿದ ಹೊಸತರಲ್ಲಿ ನೆಗಡಿ ಬಂತು, ಪಟ್ಟಿ ಹಸಿರಾಯಿತು. ಫೋನಿನಲ್ಲೇ ಮಾತ್ರೆ ಶುರುಮಾಡಿಸಿದರು. ಅಷ್ಟರಲ್ಲಿ ಜ್ವರ ಬಂದು ಹೊಟ್ಟೆ ಗುಡಾಣದಂತೆ ಊದಿತು. ಮತ್ತೆ ಘಾಟಿ ಇಳಿದೆವು. ಮಗನಿಗೆ ಅಡಿಕೆ ಕೊನೆಗೆ ಮದ್ದು ಹೊಡೆಸುವ ಕಾಲ. ಕೊಳೆರೋಗ ಯಾರ ಮನೆಯ ಕಾಯಿಲೆಯನ್ನೂ ಕಾಯುವುದಿಲ್ಲ. ಅವನು ವಾಪಸು ಹೋದ. ಮೊಮ್ಮಗನನ್ನು ನೋಡಿಕೊಂಡು ಅಜ್ಜಿ ಊರಿನಲ್ಲೇ ಉಳಿದಳು. ರಾತ್ರಿ ಸೊಸೆ, ಹಗಲು ನಾನು. ನನ್ನ ತಂಗಿಯ ಮನೆ ಆಸ್ಪತ್ರೆಗೆ ಹತ್ತಿರವಾದ್ದರಿಂದ ಅಲ್ಲೇ ಉಳಿದಿದ್ದೆ. ಕಾರ್ಡು ಬಂದದ್ದು ಆ ವಿಳಾಸಕ್ಕೆ.

ಈ ಸಲ ಪುಟ್ಟಿ ಅಳಲೇ ಇಲ್ಲ. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡು ಕಲ್ಲಿನಂತೆ ಮಲಗಿದಳು. ಅಕ್ಕಪಕ್ಕದ ಹಾಸಿಗೆಯವರು "ಎಷ್ಟು ಒಳ್ಳೆ ಹುಡುಗಿ ನಿಮ್ಮದು" ಎಂದಾಗ ನನಗೆ ಹೆಮ್ಮೆ. ಒಂದೆರಡು ದಿನಕ್ಕೆ ಬೆರಳು ಚೀಪಲು ಶುರುಮಾಡಿದಳು. ಎರಡು ವರ್ಷದ ಹಿಂದೆ ಬಿಟ್ಟಿದ್ದ ಅಭ್ಯಾಸ ಅದು. ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ಕಾಯಿಲೆಯದೇ ಇರಬೇಕೆಂದು ಸುಮ್ಮನಾದೆ.

ಡಾಕ್ಟರಮ್ಮನಿಗೆ ಮಾತ್ರ ಆ ಒಳ್ಳೆಯತನ ಹಿಡಿಸಲಿಲ್ಲ. ಒಂದು ಸಂಜೆ ನನ್ನನ್ನು ಕಾರಿಡಾರಿಗೆ ಕರೆದು, "ಅಳುವ ಮಗುವಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ ಅಜ್ಜ. ಈ ಮಗು ಏನನ್ನೋ ಒಳಗೆ ಇಟ್ಟುಕೊಂಡಿದೆ" ಎಂದರು. ಬ್ರಿಟನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ತೆಗೆದ ಒಂದು ಸಿನಿಮಾದ ಕತೆ ಹೇಳಿದರು. ಆಮೇಲೆ ನಾನೂ ಹುಡುಕಿ ಓದಿದೆ. 1952ರದ್ದು. ಎರಡು ವರ್ಷದ ಹುಡುಗಿ ಸಣ್ಣದೊಂದು ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ. ಆ ಕಾಲಕ್ಕೆ ಅಲ್ಲಿ ಅಪ್ಪ ಅಮ್ಮ ಮಗುವಿನ ಜೊತೆ ಉಳಿಯುವಂತಿರಲಿಲ್ಲ, ಸ್ವಲ್ಪ ಹೊತ್ತು ನೋಡಿ ಹೋಗಬೇಕಿತ್ತು. ಮೊದಲು ಅಳುವ ಮಕ್ಕಳು ಕೆಲವು ದಿನಕ್ಕೆ ಸುಮ್ಮನಾದರೆ 'ಹೊಂದಿಕೊಂಡವು' ಎಂದು ಎಲ್ಲರೂ ತಿಳಿಯುತ್ತಿದ್ದರು. ಅದು ಹೊಂದಿಕೆಯಲ್ಲ, ಆಸೆ ಬಿಟ್ಟ ಮಗುವಿನ ಮೌನ ಎಂದು ರಾಬರ್ಟ್‌ಸನ್ ಸಾಧಿಸಿದರು. 1959ರಲ್ಲಿ ಅಲ್ಲಿನ ಸರಕಾರ ನೇಮಿಸಿದ ಪ್ಲಾಟ್ ಸಮಿತಿ, ತಂದೆ ತಾಯಿ ಯಾವಾಗ ಬೇಕಾದರೂ ಬಂದು ಮಗುವನ್ನು ನೋಡಲು ಬಿಡಬೇಕೆಂದು ಹೇಳಿತು.

ನಮ್ಮ ಕಡೆ ಆ ಕಷ್ಟವಿಲ್ಲ, ಮನೆಯವರು ಒಬ್ಬರು ಇರಲೇಬೇಕು ಎನ್ನುತ್ತಾರೆ. ಆದರೆ ನಾನು ಇಡೀ ದಿನ ಎರಡು ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದರೂ ನಮ್ಮ ಮಗು ಹಾಗೇ ಸುಮ್ಮನಾಗಿತ್ತಲ್ಲ!

ಕಾರ್ಡು ಬಂದ ಮರುದಿನ, ಭಾನುವಾರ, ಸಿಸ್ಟರ್ ಒಬ್ಬರು ಒಂದು ಟ್ರೇ ತಂದು ಹಾಸಿಗೆಯ ಮೇಲಿಟ್ಟರು. ಕರಾವಳಿಯವರು, ವಯಸ್ಸಾದವರು. ಟ್ರೇಯಲ್ಲಿ ಸೂಜಿಯಿಲ್ಲದ ಹೊಸ ಸಿರಿಂಜು, ಹತ್ತಿ, ಬ್ಯಾಂಡೇಜು ಬಟ್ಟೆ, ಅಂಟುಪಟ್ಟಿ. "ನಿನ್ನ ಗೊಂಬೆಗೂ ಹುಷಾರಿಲ್ಲ ಅಲ್ವಾ? ಇವತ್ತು ಡಾಕ್ಟರು ನೀನೇ" ಎಂದರು. ನನ್ನ ಕಡೆ ತಿರುಗಿ, "ಅಜ್ಜ, ನೀವು ಪೇಪರ್ ಓದಿ. ಹಾಗೆ ಮಾಡು, ಹೀಗೆ ಮಾಡು ಅಂತ ಹೇಳ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ" ಎಂದು ಪಿಸುಗುಟ್ಟಿ ಹೋದರು.

ಗೊಂಬೆಯ ಹೆಸರು ಚಿಕ್ಕಿ. ಅಜ್ಜಿ ಹಳೆ ಸೀರೆಯಲ್ಲಿ ಹೊಲಿದದ್ದು. ಪೇಪರಿನ ಮರೆಯಿಂದ ನೋಡುತ್ತಿದ್ದೆ. ಪುಟ್ಟಿ ಚಿಕ್ಕಿಯನ್ನು ಮಲಗಿಸಿ ಕೈಗೆ ಬ್ಯಾಂಡೇಜು ಸುತ್ತಿದಳು. ಸಿರಿಂಜು ಹಿಡಿದು ಚುಚ್ಚಿದಳು. ಒಂದು ಸಲವಲ್ಲ, ಹತ್ತಿಪ್ಪತ್ತು ಸಲ. ಕೈ, ಕಾಲು, ಹೊಟ್ಟೆ. ಹಲ್ಲು ಕಚ್ಚಿಕೊಂಡು ಸಣ್ಣ ದನಿಯಲ್ಲಿ ಬೈಯುತ್ತಿದ್ದಳು:

"ಕದ್ದು ತಿಂದೆ ಅಲ್ವಾ? ಅದಕ್ಕೇ ಚುಚ್ಚೋದು. ಹೇಳಿದ ಮಾತು ಕೇಳಲ್ಲ ಅಲ್ವಾ? ಇನ್ನೂ ಚುಚ್ಚೋದು."

ಪೇಪರ್ ಕೆಳಗಿಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು. ಪುಟ್ಟಿಯನ್ನು ಕೇಳಿದರೆ ಮತ್ತೆ ಗೋಡೆಗೆ ತಿರುಗಿಯಾಳು ಎಂದು ಗೊಂಬೆಯನ್ನೇ ಕೇಳಿದೆ. "ಚಿಕ್ಕೀ, ಏನು ಕದ್ದು ತಿಂದೆಯೇ?"

ಸುಮಾರು ಹೊತ್ತು ಬಿಟ್ಟು ಪುಟ್ಟಿ ಗೊಂಬೆಯ ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದಳು. ಗೊಂಬೆಯ ಬದಲು ಅವಳೇ ಉಸುರಿದಳು: "ಮಿಡಿ."

ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಮಾವಿನ ಮಿಡಿ ತಂದು, ತೊಟ್ಟು ಮುರಿದು, ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಹಾಕಿಡುತ್ತಾರೆ. ಸುಕ್ಕಾದ ಮಿಡಿಯನ್ನು ಆಮೇಲೆ ಉಪ್ಪಿನಕಾಯಿ ಮಾಡುವುದು. ಆ ಭರಣಿಗೆ ಕೈ ಹಾಕದ ಮಕ್ಕಳು ಮಲೆನಾಡಿನಲ್ಲಿ ಹುಟ್ಟಿಲ್ಲ. ಪಟ್ಟಿ ಹಸಿರಾದ ಮೇಲೆ ಅಜ್ಜಿ ಪುಟ್ಟಿಯ ಗಂಜಿಗೆ ಉಪ್ಪು ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದಳು. ಸಪ್ಪೆ ಗಂಜಿಯ ಮುಂದೆ ಕೂತು ಅಳುತ್ತಿದ್ದ ತಂಗಿಯನ್ನು ನೋಡಲಾಗದೆ ಅಣ್ಣ, ಅಜ್ಜಿ ಸಂತೆಗೆ ಹೋದ ಹೊತ್ತಿನಲ್ಲಿ ಸ್ಟೂಲು ಹತ್ತಿ ಒಂದು ಮಿಡಿ ತೆಗೆದುಕೊಟ್ಟಿದ್ದ. ಇಬ್ಬರೂ ಅದನ್ನು ಕೊಟ್ಟಿಗೆಯ ಹಿಂದೆ ನಿಂತು ಚೀಪಿ ತಿಂದು, ವಾಟೆಯನ್ನು ಗೊಬ್ಬರದ ಗುಂಡಿಗೆ ಎಸೆದಿದ್ದರು. ಎರಡು ದಿನಕ್ಕೆ ಜ್ವರ, ಊತ, ಆಸ್ಪತ್ರೆ.

"ಉಪ್ಪು ತಿಂದ್ರೆ ಮತ್ತೆ ಸೂಜಿ ಚುಚ್ತಾರೆ ಅಂತ ಅಜ್ಜಿ ಹೇಳಿದ್ರು. ಚುಚ್ಚಿದ್ರು" ಎಂದಳು ಪುಟ್ಟಿ.

ಅಜ್ಜಿ ಅದನ್ನು ಹೇಳಿದ್ದು ನಿಜ. ನಾನೂ ಹೇಳಿದ್ದೆ. ಉಣ್ಣದಿದ್ದರೆ ಡಾಕ್ಟರು ಚುಚ್ಚುತ್ತಾರೆ, ಗಲಾಟೆ ಮಾಡಿದರೆ ಚುಚ್ಚುತ್ತಾರೆ ಎಂದು ಯಾರ ಮನೆಯಲ್ಲಿ ಹೇಳುವುದಿಲ್ಲ? ಐದಾರು ವರ್ಷದ ಮಕ್ಕಳು ನಡೆದದ್ದಕ್ಕೆಲ್ಲ ತಾವೇ ಕಾರಣ ಎಂದುಕೊಳ್ಳುತ್ತಾರೆ ಎಂದು ಡಾಕ್ಟರಮ್ಮ ಆಮೇಲೆ ವಿವರಿಸಿದರು. ಅದರ ಮೇಲೆ ನಾವು ಬೇರೆ ಸೂಜಿಯನ್ನು ಬೆತ್ತದಂತೆ ತೋರಿಸಿಟ್ಟಿದ್ದೆವು. ಮಗು ಲೆಕ್ಕ ಸರಿಯಾಗಿಯೇ ಮಾಡಿತ್ತು: ತಪ್ಪು ಮಾಡಿದೆ, ಶಿಕ್ಷೆ ಬಂತು, ಶಿಕ್ಷೆಯಾಗುವಾಗ ಅಳಬಾರದು.

ನಾಲಿಗೆಯ ತುದಿಗೆ ಬಂದದ್ದು "ಛೇ ಛೇ, ಮಿಡಿಯಿಂದ ಏನೂ ಆಗಲ್ಲ" ಎಂಬ ಮಾತು. ಆದರೆ ಕೆಂಪು ಬಕೆಟ್ಟಿನ ನೆನಪಾಯಿತು. ಇನ್ನೊಂದು ಸಮಾಧಾನದ ಸುಳ್ಳಿಗೆ ಈ ಮಗುವಿನ ಹತ್ತಿರ ಜಾಗವಿಲ್ಲ ಅನ್ನಿಸಿತು. "ತಡಿ, ಡಾಕ್ಟರನ್ನೇ ಕೇಳೋಣ. ನನಗೂ ಸರಿಯಾಗಿ ಗೊತ್ತಿಲ್ಲ" ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. 'ಗೊತ್ತಿಲ್ಲ' ಎಂಬುದನ್ನು ಅಜ್ಜನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲಿರಬೇಕು.

ಡಾಕ್ಟರಮ್ಮ ಬಂದವರು ಹಾಸಿಗೆಯ ತುದಿಯಲ್ಲಿ ಕೂತರು. ಗಂಭೀರವಾಗಿ ಎಲ್ಲ ಕೇಳಿಸಿಕೊಂಡರು. ಒಂದು ಸಲವೂ ನಗಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. "ಉಪ್ಪು ತಿಂದರೆ ಬಾಯಾರಿಕೆ ಆಗುತ್ತೆ, ಮೈಯಲ್ಲಿ ನೀರು ನಿಲ್ಲುತ್ತೆ. ಊತ ಒಂದು ಚೂರು ಜಾಸ್ತಿ ಆಗಿರಬಹುದು. ಆದರೆ ಜರಡಿ ಸಡಿಲ ಆಗೋದು ಉಪ್ಪಿನಿಂದ ಅಲ್ಲ. ಜ್ವರವೂ ಉಪ್ಪಿನಿಂದ ಬರಲ್ಲ" ಎಂದರು. ಪುಟ್ಟಿಗೆ ನಂಬಿಕೆ ಬರಲಿಲ್ಲ. ಆಗ ಡಾಕ್ಟರಮ್ಮ ನನ್ನ ಡೈರಿ ಕೇಳಿದರು.

ಇಷ್ಟು ವರ್ಷ ಬರೆದ ಲೆಕ್ಕಗಳಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಶನಿವಾರ ನೆಗಡಿ. ಮಂಗಳವಾರ ಪಟ್ಟಿ ಹಸಿರು. ಬುಧವಾರ ಹಸಿರು. ಗುರುವಾರ ಹಸಿರು, ಡಾಕ್ಟರಿಗೆ ಫೋನು. "ಮಿಡಿ ತಿಂದದ್ದು ಯಾವತ್ತು?" "ಅಜ್ಜಿ ಸಂತೆಗೆ ಹೋದಾಗ." ನಮ್ಮೂರ ಸಂತೆ ಶುಕ್ರವಾರ. ಪುಟ್ಟಿ ಬೆರಳಿಟ್ಟು ವಾರಗಳನ್ನು ಒಂದೊಂದಾಗಿ ಹೇಳಿದಳು. ಎರಡು ಸಲ ಹೇಳಿದಳು. "ಹಸಿರು ಮೊದಲು ಬಂತು" ಎಂದಳು. "ಮಿಡಿ ಆಮೇಲೆ."

"ಹೌದು. ಹಸಿರು ಮೊದಲು ಬಂತು" ಎಂದರು ಡಾಕ್ಟರಮ್ಮ.

ಆವಾಗ ಅತ್ತಳು. ಎಂಥ ಅಳು! ಏಳು ದಿನದ್ದು ಒಟ್ಟಿಗೆ. ಪಕ್ಕದ ಹಾಸಿಗೆಯವರು ಗಾಬರಿಯಾಗಿ ಎದ್ದು ಬಂದರು. ಒಳ್ಳೆ ಹುಡುಗಿಗೆ ಏನಾಯಿತೆಂದು.

ಅಳು ಇಳಿದ ಮೇಲೆ, ಸೊಸೆ ಊಟಕ್ಕೆ ಹೋಗಿದ್ದಾಗ, ನನ್ನದನ್ನೂ ಹೇಳಿಕೊಂಡೆ. ಸಮುದ್ರದ ವಿಷಯ, ಇರುವೆಯ ವಿಷಯ, 'ನಾಳೆ ಮನೆಗೆ' ವಿಷಯ. "ಅದೆಲ್ಲ ಸುಳ್ಳಾಗಿತ್ತು ಪುಟ್ಟೀ. ನೀನು ಹೆದರಬಾರದು ಅಂತ ಹೇಳಿದೆ. ತಪ್ಪಾಯ್ತು." ಅವಳು ಚಿಕ್ಕಿಯ ಬ್ಯಾಂಡೇಜು ಬಿಚ್ಚುತ್ತ, "ನಂಗೆ ಗೊತ್ತಿತ್ತು" ಎಂದಳು. ಸ್ವಲ್ಪ ತಡೆದು, "ನನ್ನ ಬಕೆಟ್ ಎಲ್ಲಿ ಹೋಯ್ತು?" ಎಂದಳು. ಒಂದೂವರೆ ವರ್ಷದ ನಂತರ ನನಗೆ ಬಂದ ಮೊದಲ ಪ್ರಶ್ನೆ.

ಆವತ್ತೇ ಕೈಯ ಡ್ರಿಪ್ ಕೆಟ್ಟಿತು. ಮರುದಿನ ಬೆಳಿಗ್ಗೆ ಬೇರೆ ಕಡೆ ಹಾಕಬೇಕಿತ್ತು. "ನಾಳೆ ಸೂಜಿ ಇದೆಯಾ?" ಎಂದು ಕೇಳಿದಳು. "ಇದೆ. ನೋಯುತ್ತೆ. ಹತ್ತು ಎಣಿಸುವಷ್ಟು ಹೊತ್ತು ನೋಯುತ್ತೆ" ಎಂದೆ. ಹೇಳುವಾಗ ನನ್ನ ಹೊಟ್ಟೆಯೇ ಕಿವುಚಿದಂತಾಯಿತು. ಅವಳು ಅತ್ತಳು. ಅತ್ತು ಮಲಗಿದವಳು ರಾತ್ರಿ ಎಚ್ಚರವಾಗದೆ ನಿದ್ದೆ ಮಾಡಿದಳು ಎಂದು ಸೊಸೆ ಬೆಳಿಗ್ಗೆ ಹೇಳಿದಳು.

ಸಿಸ್ಟರ್ ಒಂದು ಗಂಟೆ ಮುಂಚೆಯೇ ಬಂದು ಚರ್ಮ ಮರಗಟ್ಟುವ ಮುಲಾಮು ಹಚ್ಚಿದರು. "ಎಡಗೈಯಾ ಬಲಗೈಯಾ, ನೀನೇ ಹೇಳು" ಎಂದರು. ಅವಳು ಬಹಳ ಯೋಚಿಸಿ ಎಡಗೈ ಎಂದಳು, ಬಲಗೈ ಚಿತ್ರ ಬರೆಯಲು ಬೇಕಲ್ಲ. ಚಿಕ್ಕಿಯ ಎಡಗೈಗೂ ಮುಲಾಮು ಹಚ್ಚಬೇಕಾಯಿತು. ಮಲಗಿಸಿ ಅದುಮಿ ಹಿಡಿಯಲಿಲ್ಲ. ಹಾಸಿಗೆಯಲ್ಲೂ ಬೇಡ ಎಂದರು ಸಿಸ್ಟರ್, ಹಾಸಿಗೆ ನಿದ್ದೆ ಮಾಡುವ ಜಾಗ. ಪಕ್ಕದ ಕೋಣೆಯಲ್ಲಿ ಅಮ್ಮನ ತೊಡೆಯ ಮೇಲೆ ಎದೆಗೆ ಎದೆ ಕೊಟ್ಟು ಕೂರಿಸಿ, ಕೈಯನ್ನು ಮಾತ್ರ ಅಮ್ಮನ ಕಂಕುಳ ಕೆಳಗಿನಿಂದ ಹಿಂದಕ್ಕೆ ತೆಗೆದುಕೊಂಡರು. ನನ್ನದು ಎಣಿಸುವ ಕೆಲಸ. ಪುಟ್ಟಿಯದು ಸೋಪಿನ ಗುಳ್ಳೆ ಊದುವ ಕೆಲಸ.

ಎಲ್ಲ ಸುಸೂತ್ರ ನಡೆಯಿತು ಎಂದು ಬರೆಯಲು ಆಸೆ. ನಡೆಯಲಿಲ್ಲ. ನರ ಸಿಗಲಿಲ್ಲ. "ಹತ್ತು" ಎಂದೆ, ಸೂಜಿ ಇನ್ನೂ ಒಳಗೇ ಇತ್ತು. "ಹತ್ತು ಆಯ್ತು! ಅಜ್ಜ ಹತ್ತು ಹೇಳಿ ಆಯ್ತು!" ಎಂದು ಕೂಗಿದಳು. ನಾನು ಏನು ಮಾಡಲಿ, ಹತ್ತನ್ನು ಇನ್ನೊಮ್ಮೆ ಹೇಳಲೇ? ಸಿಸ್ಟರ್ ಸೂಜಿ ಹೊರಗೆ ತೆಗೆದುಬಿಟ್ಟರು. "ಅಜ್ಜ ಹೇಳಿದ್ದು ಸರಿ ಉಂಟು. ಜಾಸ್ತಿ ಮಾಡಿದ್ದು ನಾನು. ಈಗ ನೀರು ಕುಡಿ, ಬೇಕಾದಷ್ಟು ಅಳು. ಇನ್ನೊಂದು ಸಲ ಮಾಡ್ಲಿಕ್ಕುಂಟು. ಈಗ್ಲಾ, ಐದು ನಿಮಿಷ ಬಿಟ್ಟಾ?" ಪುಟ್ಟಿ ಬಿಕ್ಕುತ್ತ, "ಐದು ನಿಮಿಷ ಬಿಟ್ಟು" ಎಂದಳು. ಗೋಡೆಯ ಗಡಿಯಾರವನ್ನೇ ನೋಡುತ್ತ ಕೂತಳು. ಮುಳ್ಳು ಐದು ಗೆರೆ ದಾಟಿದ್ದೇ ತಾನೇ ಕೈ ಚಾಚಿದಳು. ಚಾಚಿದ ಕೈ ನಡುಗುತ್ತಿತ್ತು. ಆ ಸಲ ಏಳಕ್ಕೇ ಮುಗಿಯಿತು.

ಇತ್ತ ಊರಿನಲ್ಲಿ ಇನ್ನೊಬ್ಬ ಇದ್ದನಲ್ಲ, ಕಾರ್ಡಿನ ಮೇಲೆ ಗೆರೆ ಎಳೆದವನು. ಅವನಿಗೆ ಉತ್ತರ ಬರೆಯೋಣ ಎಂದಳು ಪುಟ್ಟಿ. ಅವಳು ಹೇಳಿದಂತೆಯೇ ಬರೆದೆ: "ಅಣ್ಣ, ಅಜ್ಜನಿಗೆ ಹೇಳಿಬಿಟ್ಟೆ. ಹಸಿರು ಮಂಗಳವಾರ ಬಂತು. ಮಿಡಿ ಶುಕ್ರವಾರ. ನೀನು ಹೆದರಬೇಡ. ಕರುವಿಗೆ ಚುಕ್ಕಿ ಅಂತ ಹೆಸರಿಡು." ಕಾರ್ಡು ಊರು ಮುಟ್ಟಲು ಎರಡು ಮೂರು ದಿನ ಬೇಕು. ಅಂಚೆಯವನಾಗಿ ಹೇಳಬಾರದು, ಆದರೆ ಆ ರಾತ್ರಿ ಕಾರ್ಡಿನ ದಾರಿ ಕಾಯಲು ನನ್ನಿಂದಾಗಲಿಲ್ಲ. ಫೋನು ಮಾಡಿದೆ.

ಮಿಡಿ ಎಂದ ಕೂಡಲೇ ಆ ಕಡೆ ಸದ್ದೇ ನಿಂತಿತು. ವಾರಗಳ ಲೆಕ್ಕ ಹೇಳಿದೆ. ಬಹಳ ಹೊತ್ತಾದ ಮೇಲೆ ಮೊಮ್ಮಗ ಕೇಳಿದ, "ಹಾಗಾದ್ರೆ ನಾನು ಅವಳನ್ನ ಸಾಯಿಸಲ್ವಾ?" ನಾನು ಫೋನು ಹಿಡಿದುಕೊಂಡು ತಂಗಿಯ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಲ್ಲರ ಗಮನವೂ ಕಾಯಿಲೆಯ ಮಗುವಿನ ಮೇಲೆ. ಊರಿನಲ್ಲಿ ಉಳಿದವನು ಶಾಲೆಗೆ ಹೋಗುತ್ತಾನೆ, ಉಣ್ಣುತ್ತಾನೆ, ಜಾಣ ಎಂದುಕೊಂಡಿದ್ದೆವು. ಅವನು ಅಜ್ಜಿ ನಿದ್ದೆ ಹೋದ ಮೇಲೆ ಎದ್ದು ದೇವರ ಮುಂದೆ ಕೂರುತ್ತಿದ್ದನಂತೆ. ಅಜ್ಜಿ ಫೋನು ತೆಗೆದುಕೊಂಡಳು. ಎಲ್ಲ ಕೇಳಿ ಏನೂ ಮಾತಾಡಲಿಲ್ಲ. ಮರುದಿನ ಭರಣಿಯನ್ನು ಅಟ್ಟದಿಂದ ಇಳಿಸಿ ಕೈಗೆಟಕುವ ಕಡೆ ಇಟ್ಟಳಂತೆ. ಯಾಕೆಂದು ಕೇಳಿದರೆ, "ಬೇಕಾದವರು ಕೇಳಿ ತಗೊಳ್ಳಲಿ" ಎಂದಳಂತೆ. ಸೂಜಿಯ ಬೆದರಿಕೆ ನಮ್ಮ ಮನೆಯಲ್ಲಿ ಆವತ್ತಿಗೆ ಮುಗಿಯಿತು. ಒಂದೆರಡು ಸಲ ನನ್ನ ಬಾಯಿಗೆ ಬಂದು ವಾಪಸು ಹೋದದ್ದುಂಟು, ಹಳೆ ಚಾಳಿ.

ಊರಿಗೆ ಬಂದ ಮೇಲೆ ಪುಟ್ಟಿಗೆ ಡೈರಿಯ ಕೆಲಸ ಒಪ್ಪಿಸಿದೆ. ಪಟ್ಟಿ ಅದ್ದುವವಳು ಅವಳು, ಅರವತ್ತು ಎಣಿಸುವವಳು ಅವಳು. ಪೇಟೆಯಲ್ಲಿ ಒಂದು ಸಣ್ಣ ತಾರೀಕಿನ ಮೊಹರು ಕೊಂಡುತಂದೆ. (ಇಲಾಖೆಯದ್ದಲ್ಲ ಮತ್ತೆ!) ದಿನವೂ ಅದನ್ನು ಠಪ್ಪೆಂದು ಒತ್ತಿ ಪಕ್ಕದಲ್ಲಿ ಹಳದಿ ಅಥವಾ ಹಸಿರು ಬಣ್ಣ ಹಚ್ಚುತ್ತಾಳೆ. ಅಜ್ಜಿ ಸಪ್ಪೆ ಊಟಕ್ಕೆ ನಿಂಬೆರಸ, ಜೀರಿಗೆ, ಕೊತ್ತಂಬರಿ ಎಂದು ಏನೇನೋ ಸರ್ಕಸ್ ಮಾಡುತ್ತಾಳೆ. "ಚೆನ್ನಾಗಿಲ್ಲ" ಎಂದು ಹೇಳುವ ಸ್ವಾತಂತ್ರ್ಯವೂ ಪುಟ್ಟಿಗೆ ಇದೆ. ಅದನ್ನವಳು ಧಾರಾಳವಾಗಿ ಬಳಸುತ್ತಾಳೆ.

ಶಾಲೆಯಲ್ಲಿ ಅವಳ ಗುಂಡು ಮುಖ ನೋಡಿ ಒಬ್ಬ 'ಬನ್ನು' ಎಂದು ಕರೆದ. ಅಣ್ಣ ಹೋಗಿ ಅವನ ಚೀಲ ಚರಂಡಿಗೆ ಎಸೆದ. ದೂರು ಮನೆಗೆ ಬಂತು. ಸೊಸೆ ಟೀಚರಿಗೆ ಎಲ್ಲ ವಿವರಿಸಿದಳು. ಮುಂದಿನ ವಾರ ಪುಟ್ಟಿ ಮನೆಯ ಜರಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ತರಗತಿಯ ಮುಂದೆ ನಿಂತು ರಾಗಿಹಿಟ್ಟು, ನುಚ್ಚು ಹಾಕಿ ಜರಡಿ ಹಿಡಿದು ತೋರಿಸಿದಳಂತೆ. "ಮಾತ್ರೆ ತಗೊಂಡ್ರೆ ಮುಖ ಊದುತ್ತೆ, ಮಾತ್ರೆ ಕಮ್ಮಿ ಆದ್ರೆ ಇಳಿಯುತ್ತೆ, ಮುಟ್ಟಿದ್ರೆ ನಿಮಗೆ ಬರಲ್ಲ" ಎಂದಳಂತೆ. ಬನ್ನು ಎಂದ ಹುಡುಗ ಈಗ ಬುಗುರಿ ಆಟಕ್ಕೆ ಮನೆಗೇ ಬರುತ್ತಾನೆ. ಮಕ್ಕಳು ಬಲು ಬೇಗ ಸರಿಹೋಗುತ್ತಾರೆ. "ಅಯ್ಯೋ ಪಾಪ, ಇಷ್ಟು ಚಿಕ್ಕ ಮಗುವಿಗೆ ಎಂಥ ಕಾಯಿಲೆ" ಎಂದು ಅವಳೆದುರೇ ನಿಟ್ಟುಸಿರು ಬಿಡುವ ದೊಡ್ಡವರನ್ನು ಸರಿಮಾಡುವುದು ನನಗೆ ಇನ್ನೂ ಸಾಧ್ಯವಾಗಿಲ್ಲ.

ದೀಪಾವಳಿ ಕಳೆದ ಮೇಲೆ ಮತ್ತೆ ನೆಗಡಿಯಾಯಿತು. ಮೂರು ದಿನ ಮೊಹರಿನ ಪಕ್ಕ ಕಡು ಹಸಿರು. ಹೊಟ್ಟೆ ಊದತೊಡಗಿದ್ದರಿಂದ ಡಾಕ್ಟರಮ್ಮ "ಒಮ್ಮೆ ಕರ್ಕೊಂಡು ಬನ್ನಿ" ಎಂದರು. ಪುಟ್ಟಿ ತಾನೇ ಚೀಲ ತುಂಬಿದಳು: ಚಿಕ್ಕಿ, ಬಣ್ಣದ ಕಡ್ಡಿ, ಸೋಪಿನ ನೀರಿನ ಬಾಟಲಿ, ಡೈರಿ. "ಎಷ್ಟು ದಿನ ಅಜ್ಜ?" ಎಂದಳು. "ಗೊತ್ತಿಲ್ಲ. ಮೂರು ದಿನ ಆಗಬಹುದು, ಹತ್ತೂ ಆಗಬಹುದು" ಎಂದೆ. ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತಿದ್ದಳು.

ಕಾರು ಹೊರಡುವಾಗ ಅಣ್ಣ ಕಿಟಕಿಯ ಹತ್ತಿರ ಬಂದು ನಿಂತ. ಪುಟ್ಟಿ ಗಾಜು ಇಳಿಸಿದಳು.

"ಇದು ನೆಗಡಿಯಿಂದ" ಎಂದಳು ಅವನ ಮುಖ ನೋಡಿ. "ಕಾರ್ಡು ಬರಿ. ಈ ಸಲ ದೊಡ್ಡ ಅಕ್ಷರದಲ್ಲಿ ಬರಿ, ನಾನೇ ಓದ್ತೀನಿ."